ಮೊದಲ ತುತ್ತಿನ ಕಟ್ಟೆ

ಮರಡಿಕೋಟೆಯ ಅರಮನೆ ನೋಡಲು ಬಂದವರು ದರ್ಬಾರಿನ ತೇಗದ ಕಂಬಗಳನ್ನೂ ದಂತದ ಪಲ್ಲಕ್ಕಿಯನ್ನೂ ಕಂಡು, ರಾಣಿವಾಸದ ಕೊಳವನ್ನು ಸುತ್ತಿ, ಕೊನೆಗೆ ಹೆಬ್ಬಾಗಿಲ ಹೊರಗಿನ ಕರಿಕಲ್ಲಿನ ಕಟ್ಟೆಯ ಬಳಿ ನಿಲ್ಲುತ್ತಾರೆ. ಊರವರು ಅದನ್ನು ಮೊದಲ ತುತ್ತಿನ ಕಟ್ಟೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕೋಟೆಯನ್ನು ಕಸ್ತೂರಿನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನ ತಂದೆ ಊಟದ ಎಲೆಯ ಮುಂದೆಯೇ ಕುಸಿದು ಸತ್ತಿದ್ದ; ವಿಷವೋ ವಿಧಿಯೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ನಾಯಕನಿಗೆ ಅನ್ನವೆಂದರೆ ಅಂಜಿಕೆ. ಅವನಿಗೆ ಹಾಲೂಡಿಸಿ ಬೆಳೆಸಿದ್ದ ದಾದಿ ತಿಪ್ಪಾಜಿ ತಾನಾಗಿಯೇ ಮುಂದೆ ಬಂದು, ದಿನವೂ ಮೊದಲ ತುತ್ತು ತಿಂದು ತೋರಿಸಿ, ಆಮೇಲೆ ಅವನಿಗೆ ಬಡಿಸುತ್ತಿದ್ದಳು. ಆದರೂ ಅವನ ಅನುಮಾನ ತಟ್ಟೆಯ ಅಂಚಿಗೆ ನಿಲ್ಲಲಿಲ್ಲ. ಮಲತಮ್ಮ ನಕ್ಕರೆ ಏಕೆ ನಕ್ಕ, ಸುಮ್ಮನಿದ್ದರೆ ಏಕೆ ಸುಮ್ಮನಿದ್ದಾನೆ ಎಂದು ಒಳಗೊಳಗೇ ಕುದಿಯುತ್ತಿದ್ದ. ಒಂದು ಮಧ್ಯಾಹ್ನ ತಿಪ್ಪಾಜಿ ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಆ ತಮ್ಮನ ಬಿಡಾರಕ್ಕೆ ಹೋಗುವುದು ಅವನ ಕಣ್ಣಿಗೆ ಬಿತ್ತು. ದಿನವೂ ರುಚಿ ನೋಡಿ ಬದುಕುವವಳಿಗೆ ವಿಷ ಇಳಿಸುವ ಮದ್ದೂ ಗೊತ್ತಿರಬೇಕಲ್ಲವೇ? ಮರುದಿನ ಅವಳು ಮತ್ತೆ ಬಟ್ಟಲು ಹಿಡಿದು ಹೊರಟಾಗ ಅಂಗಳದಲ್ಲಿ ಎಲ್ಲರೆದುರೇ ತಡೆದ.

"ಬಟ್ಟಲಲ್ಲೇನು, ಅವ್ವಾ?"

"ಗಂಜಿ ಕಣಪ್ಪಾ. ನಿನ್ನ ತಮ್ಮನ ಕೂಸಿಗೆ ಜ್ವರ."

"ನನಗೇಕೆ ಹೇಳಲಿಲ್ಲ?"

"ಹೇಳಿದ್ದರೆ ನಂಬುತ್ತಿದ್ದೆಯಾ?"

"ಹಾಗಾದರೆ ಕುಡಿದು ತೋರಿಸು."

ತಿಪ್ಪಾಜಿ ಅವನ ಮುಖವನ್ನೇ ನೋಡುತ್ತ ಗಂಜಿಯನ್ನೆಲ್ಲ ಕುಡಿದು, ಬರಿದಾದ ಬಟ್ಟಲನ್ನು ಅವನ ಕಾಲ ಬಳಿ ಇಟ್ಟಳು. "ಇಷ್ಟು ವರ್ಷ ನಿನ್ನ ತಾಯಿಯಾಗಿ ತಿಂದೆ. ಇವತ್ತು ನೀನು ಕೊಲೆಗಡುಕಿಯೆಂದು ನನಗೆ ಕುಡಿಸಿದೆ. ಈ ಮನೆಯ ಅನ್ನ ನನಗಿನ್ನು ಬೇಡ" ಎಂದು ಹೆಬ್ಬಾಗಿಲು ದಾಟಿ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಅವಳಿಗೆ ಏನೂ ಆಗಲಿಲ್ಲ. ನಾಯಕನಿಗೆ ಮಾತ್ರ ಅನ್ನ ಇಳಿಯದಾಯಿತು. ರುಚಿ ನೋಡಲು ನಿಂತ ಹೊಸಬರ ಕಣ್ಣು, ಕೈ, ಕೆಮ್ಮು ಎಲ್ಲದರಲ್ಲೂ ಅವನಿಗೆ ವಿಷವೇ ಕಂಡಿತು. ಹಸಿವು ತಾಳಲಾರದೆ ಕೊನೆಗೆ ತಾನೇ ಒಲೆ ಹೊತ್ತಿಸಿದ. ತಳ ಹಿಡಿದ ಅನ್ನವನ್ನು ತಟ್ಟೆಗೆ ಹಾಕಿಕೊಂಡವನಿಗೆ ಹೊರಗೆ ಉಪವಾಸ ಕುಳಿತವಳ ನೆನಪಾಯಿತು. ತಟ್ಟೆ ಹಿಡಿದು ಕಟ್ಟೆಗೆ ಬಂದ.

ತಿಪ್ಪಾಜಿ ತಟ್ಟೆಯನ್ನೂ ಅವನನ್ನೂ ಬಹಳ ಹೊತ್ತು ದಿಟ್ಟಿಸಿದಳು. "ಇದರಲ್ಲೇನಿದೆ?" ಎಂದಳು. ನಾಯಕ ಅವಳ ಕಾಲ ಬಳಿ ನೆಲದ ಮೇಲೆ ಕುಳಿತು, ಊರೆಲ್ಲ ನೋಡುತ್ತಿದ್ದಂತೆ ಮೊದಲ ತುತ್ತನ್ನು ತಾನೇ ತಿಂದ. "ಈಗ ತಿನ್ನು, ಅವ್ವಾ" ಎಂದ.

ಅವಳು ತಿಂದಳು ಎನ್ನುತ್ತಾರೆ ಕೆಲವರು. ತಿನ್ನಲೇ ಇಲ್ಲ ಎನ್ನುವವರೇ ಹೆಚ್ಚು. ಬಂದವರು ಬಗ್ಗಿ ನೋಡಿದರೆ ಕಟ್ಟೆಯ ಮಗ್ಗುಲಲ್ಲಿ ಒಂದು ಸವೆದ ಕೆತ್ತನೆ ಕಾಣುತ್ತದೆ: ನೆಲದಲ್ಲಿ ಕುಳಿತು ಬಾಯಿಗೆ ಕೈಯೊಯ್ದ ಅರಸ, ಮೇಲೆ ಕುಳಿತ ಹೆಂಗಸು. ಅವಳ ಎರಡೂ ಕೈಗಳು ಮಡಿಲಲ್ಲೇ ಇವೆ.