ಚೆಲುವತ್ತೆಯ ಕಾರಿನ ದಮ್ಮು ಹೋದದ್ದು

ನನ್ನ ಮೀಸೆಯಾಣೆ ಮಕ್ಕಳೇ, ಈ ಕಥೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳೋಕೆ ನನಗೆ ಬರೋದೇ ಇಲ್ಲ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿಲ್ಲ. ಹತ್ತಿರ ಬನ್ನಿ, ಕೇಳಿ.

ಚೆಲುವತ್ತೆಗೆ ಒಂದು ಕೆಂಪು ಕಾರಿತ್ತು. ಅವತ್ತು ಅವಳ ತಮ್ಮನ ಮಗಳ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳೋರು ಯಾರು? ಸೋದರತ್ತೆ! ಸೋದರತ್ತೆ ಯಾರು? ಚೆಲುವತ್ತೆ! ಹೆಸರು ಅವಳಿಗೆ ಮಾತ್ರ ಗೊತ್ತು. ಲವಂಗದ ಹಾಗೆ ದವಡೆಯಲ್ಲಿಟ್ಟುಕೊಂಡು ಹೊರಟಿದ್ದಳು. ಗಂಡ ಬೋರಮಾವನಿಗೂ ಹೇಳಿರಲಿಲ್ಲ. ಬೋರಮಾವ ಹಿಂದೆ ಕೂತಿದ್ದ. ತಲೆಮೇಲೆ ದೊಡ್ಡ ಪೇಟ. ತೊಡೆಮೇಲೆ ತೊಟ್ಟಿಲು.

ಜೇನುಗುಡ್ಡದ ಏರು ಬಂತು. ಕಾರು ಗುರ್ರ್ ಅಂತು. ಗುರ್ ಅಂತು. ಪುಸ್ಸ್ ಅಂತು. ಕಾರಿನ ದಮ್ಮೇ ಹೋಯಿತು! ಸ್ಟೀರಿಂಗ್ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು.

"ದೃಷ್ಟಿ ಕಣೇ ದೃಷ್ಟಿ! ನಿಂಬೆಹಣ್ಣು ಕಟ್ಟೋಣ!" ಅಂದ ಬೋರಮಾವ.

"ನೀವು ಸುಮ್ನೆ ತೊಟ್ಟಿಲು ಹಿಡ್ಕೊಳ್ಳಿ," ಅಂದಳು ಚೆಲುವತ್ತೆ.

ದೀಪವನ್ನು ಕೇಳಿದಳು.

"ದೀಪಪ್ಪಾ ದೀಪಪ್ಪಾ! ಕಾರಿಗೆ ದಮ್ಮಿಲ್ಲ, ಅತ್ತೆಗೆ ದಾರಿಯಿಲ್ಲ, ಮಗುವಿಗೆ ಹೆಸರಿಲ್ಲ. ನೀನ್ಯಾಕೆ ಆರಲ್ಲ?"

"ನಾನಾರಲ್ಲ," ಅಂತು ದೀಪ. "ಎಂಜಿನ್‌ಗೆ ಹುಷಾರಿಲ್ಲ. ಅದನ್ನ ಹೇಳೋಕೇ ಉರೀತಿದ್ದೀನಿ. ಹೋಗಿ ಅದನ್ನೇ ಕೇಳು."

ಚೆಲುವತ್ತೆ ಕೆಳಗಿಳಿದಳು. ಬಾನೆಟ್ ಎತ್ತಿದಳು.

"ಎಂಜಿನಣ್ಣಾ ಎಂಜಿನಣ್ಣಾ! ದೀಪ ಆರಲ್ಲ, ಕಾರಿಗೆ ದಮ್ಮಿಲ್ಲ, ಅತ್ತೆಗೆ ದಾರಿಯಿಲ್ಲ, ಮಗುವಿಗೆ ಹೆಸರಿಲ್ಲ. ನೀನ್ಯಾಕೆ ಗುಡುಗಲ್ಲ?"

"ಉಸಿರೇ ಇಲ್ಲ ಕಣತ್ತೆ, ಹೇಗೆ ಗುಡುಗಲಿ?" ಅಂತು ಎಂಜಿನ್. "ಗಾಳಿ ತರೋದು ಕೊಳವೆ. ಅದನ್ನ ಕೇಳು."

"ದೃಷ್ಟಿ ಕಣೇ ದೃಷ್ಟಿ! ನಿಂಬೆಹಣ್ಣು ಕಟ್ಟೋಣ!"

"ನೀವು ಸುಮ್ನೆ ತೊಟ್ಟಿಲು ಹಿಡ್ಕೊಳ್ಳಿ."

"ಕೊಳವೆಯಮ್ಮಾ ಕೊಳವೆಯಮ್ಮಾ! ಎಂಜಿನ್ ಗುಡುಗಲ್ಲ, ದೀಪ ಆರಲ್ಲ, ಕಾರಿಗೆ ದಮ್ಮಿಲ್ಲ, ಅತ್ತೆಗೆ ದಾರಿಯಿಲ್ಲ, ಮಗುವಿಗೆ ಹೆಸರಿಲ್ಲ. ನೀನ್ಯಾಕೆ ಗಾಳಿ ತರಲ್ಲ?"

"ಕೊಟ್ರೆ ತಾನೇ ತರೋದು?" ಅಂತು ಕೊಳವೆ. "ಗಾಳಿ ಸೋಸೋ ಡಬ್ಬಿ ಇದೆಯಲ್ಲ, ಅದನ್ನ ಕೇಳು."

"ಡಬ್ಬಿಯಕ್ಕಾ ಡಬ್ಬಿಯಕ್ಕಾ! ಕೊಳವೆ ಗಾಳಿ ತರಲ್ಲ, ಎಂಜಿನ್ ಗುಡುಗಲ್ಲ, ದೀಪ ಆರಲ್ಲ, ಕಾರಿಗೆ ದಮ್ಮಿಲ್ಲ, ಅತ್ತೆಗೆ ದಾರಿಯಿಲ್ಲ, ಮಗುವಿಗೆ ಹೆಸರಿಲ್ಲ. ನೀನ್ಯಾಕೆ ಗಾಳಿ ಬಿಡಲ್ಲ?"

"ಊಂ... ಊಂ..." ಅಂತು ಡಬ್ಬಿ. ಪಾಪ, ಬಾಯಿ ತುಂಬಾ ತೆಂಗಿನ ನಾರು, ಹತ್ತಿ, ಬೋರಮಾವನ ಹಳೇ ಕಾಲುಚೀಲ! ಚೆಲುವತ್ತೆ ಮುಚ್ಚಳ ತೆಗೆದಳು. ಒಳಗೆ ಇಲಿಯಮ್ಮ ಹಾಯಾಗಿ ಕೂತಿದ್ದಾಳೆ!

"ದೃಷ್ಟಿ ಕಣೇ—"

"ತೊಟ್ಟಿಲು!"

"ಇಲಿಯಮ್ಮಾ ಇಲಿಯಮ್ಮಾ! ಡಬ್ಬಿ ಗಾಳಿ ಬಿಡಲ್ಲ, ಕೊಳವೆ ಗಾಳಿ ತರಲ್ಲ, ಎಂಜಿನ್ ಗುಡುಗಲ್ಲ, ದೀಪ ಆರಲ್ಲ, ಕಾರಿಗೆ ದಮ್ಮಿಲ್ಲ, ಅತ್ತೆಗೆ ದಾರಿಯಿಲ್ಲ, ಮಗುವಿಗೆ ಹೆಸರಿಲ್ಲ. ನೀನ್ಯಾಕೆ ಮನೆ ಬಿಡಲ್ಲ?"

"ಬಿಡಲ್ಲ ಅಂದ್ನಾ ತಾಯಿ?" ಅಂದಳು ಇಲಿಯಮ್ಮ. "ಒಳಗೆ ಮೂರು ಮರಿ ಮಲಗಿದ್ದಾವೆ. ಕರೆದು ಎಬ್ಬಿಸೋಣ ಅಂದ್ರೆ ಒಂದಕ್ಕೂ ಹೆಸರಿಲ್ಲ. ಅವುಗಳ ಸೋದರತ್ತೆ ಬರಲೇ ಇಲ್ಲ! ಹೆಸರಿಲ್ಲದೆ ಏನಂತ ಕರೀಲಿ?"

"ಅಯ್ಯೋ, ಇಷ್ಟೇನಾ? ನಾನಿಲ್ವಾ ಸೋದರತ್ತೆ!"

ಚೆಲುವತ್ತೆ ಬಗ್ಗಿದಳು. ಒಂದು ಮರಿಯ ಕಿವಿಯಲ್ಲಿ "ಕಡ್ಲೆ" ಅಂದಳು. ಇನ್ನೊಂದರ ಕಿವಿಯಲ್ಲಿ "ಬಟಾಣಿ" ಅಂದಳು. ಮೂರನೆಯದಕ್ಕೆ? ತಲೆ ಕೆರೆದಳು. ಮೂಗು ಕೆರೆದಳು. ಬೇರೆ ಹೆಸರೇ ಹೊಳೀಲಿಲ್ಲ. ಇದ್ದದ್ದು ಒಂದೇ, ದವಡೆಯಲ್ಲಿಟ್ಟದ್ದು. ಅದು ಮಗುವಿಗೆ ಅಂತ ಇಟ್ಟದ್ದು! ಮರಿ ಪಿಳಿಪಿಳಿ ನೋಡಿತು. ಚೆಲುವತ್ತೆ ಕೊಟ್ಟೇಬಿಟ್ಟಳು.

"ಸಂಪಿಗೆ."

"ಕಡ್ಲೇ ಬಾ! ಬಟಾಣೀ ಬಾ! ಸಂಪಿಗೇ ಬಾ!" ಅಂತ ಇಲಿಯಮ್ಮ ಕರೆದಳು. ಮೂರೂ ಎದ್ದು ಬಂದವು. "ಆದರೆ ತಾಯಿ, ಹೋಗೋದೆಲ್ಲಿಗೆ? ಮೆತ್ತಗಿನ ಮನೆ ಬೇಕಲ್ಲ?"

ಎಲ್ಲರೂ ಬೋರಮಾವನ ಪೇಟ ನೋಡಿದರು.

"ಆಗಲ್ಲ ಅಂದ್ರೆ ಆಗಲ್ಲ!" ಅಂದ ಬೋರಮಾವ.

"ನಿಂಬೆಹಣ್ಣು ಕಟ್ಟೋಣ ಅಂತಿದ್ರಲ್ಲ, ಈಗ ಇಲಿ ಕಟ್ಕೊಳ್ಳಿ," ಅಂದಳು ಚೆಲುವತ್ತೆ.

ಇಲಿಯಮ್ಮ ಮನೆ ಬಿಟ್ಟಳು. ಚೆಲುವತ್ತೆ ನಾರು, ಹತ್ತಿ, ಕಾಲುಚೀಲ ಎಲ್ಲಾ ಕಿತ್ತಳು. ಡಬ್ಬಿ ಗಾಳಿ ಬಿಟ್ಟಿತು. ಕೊಳವೆ ಗಾಳಿ ತಂದಿತು. ಎಂಜಿನ್ ಗುಡುಗಿತು. ದೀಪ ಆರಿತು. ಕಾರಿಗೆ ದಮ್ಮು ಬಂತು. ಅತ್ತೆಗೆ ದಾರಿ ಆಯಿತು. ಗುಡ್ಡ ಹತ್ತಿದ್ದೇ ಹತ್ತಿದ್ದು! ಬೋರಮಾವ ಮಾತ್ರ ಕತ್ತು ಅಲ್ಲಾಡಿಸಲಿಲ್ಲ.

ತಮ್ಮನ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮಗುವನ್ನು ಮಲಗಿಸಿದರು. ಚೆಲುವತ್ತೆ ಬಗ್ಗಿ, ಪುಟ್ಟ ಕಿವಿಯಲ್ಲಿ ಹೆಸರು ಹೇಳಿದಳು. ಕೊಟ್ಟರೂ ಖಾಲಿಯಾಗಿರಲಿಲ್ಲ ನೋಡಿ ಆ ಹೆಸರು! ಮಗುವಿಗೆ ಹೆಸರಾಯಿತು.

"ಸಂಪಿಗೇ!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು.

ತೊಟ್ಟಿಲಲ್ಲಿ ಮಗು ಕಿಲಕಿಲ ನಕ್ಕಿತು.

ಬೋರಮಾವನ ಪೇಟದಿಂದ ಒಂದು ಪುಟ್ಟ ತಲೆ ಹೊರಗೆ ಬಂತು. "ಚೀಂ! ಬಂದೇ!"

ಮೀಸೆಯಾಣೆ ಎಲ್ಲಾ ನಿಜ ಮಕ್ಕಳೇ. ಎಂಜಿನ್ ಮಾತಾಡಿದ್ದು ನಿಜ. ಇಲಿ ಪೇಟ ಸೇರಿದ್ದು ನಿಜ. ಒಂದೇ ಒಂದು ಸಣ್ಣ ಸುಳ್ಳು ಹೇಗೋ ನುಸುಳಿಬಿಟ್ಟಿದೆ.

ಕಾರು ಕೆಂಪಗಿರಲಿಲ್ಲ. ಹಸಿರು.