ಹದಿನಾಲ್ಕನೆಯ ಸುತ್ತು

ಮರುಳಯ್ಯ ಒಂದು ಹಳೆಯ ಇಟ್ಟಿಗೆಯನ್ನು ತಂದು ಗುರುಗಳ ಮುಂದಿಟ್ಟು ಕೇಳಿದ:

“ಬುದ್ಧಿ, ಹೊಳೆಯ ಹೂಳು ಏರಿ ಏರಿ ಮಠದ ಬಾವಿಯ ಕಟ್ಟೆ ನೆಲಕ್ಕೆ ಸಮವಾಗಿದೆ. ಕಟ್ಟೆ ಎತ್ತರಿಸೋಣವೆಂದು ಪಕ್ಕದಲ್ಲಿ ಅಗೆದರೆ ಕೆಳಗೆ ಒಂದು ಊರೇ ಇದೆ. ಬೀದಿ, ಚರಂಡಿ, ಕಣಜ, ಎಲ್ಲವೂ ಒಂದೇ ಅಳತೆಯ ಇಟ್ಟಿಗೆಯವು. ಇಷ್ಟೆಲ್ಲ ಕಟ್ಟಿದ ಜನ ಇದನ್ನು ಬಿಟ್ಟು ಎಲ್ಲಿಗೆ ಹೋದರು?”

ಇಟ್ಟಿಗೆಯ ಮೇಲೆ ಒಂದು ಅಂಗೈ ಗುರುತಿತ್ತು. ಗುರುಗಳು ಅದನ್ನು ಮುಟ್ಟಲಿಲ್ಲ. ಕುಳಿತುಕೊಳ್ಳಲು ಹೇಳಿ ಕತೆ ಶುರುಮಾಡಿದರು.

ಮೊದಲು ಜನ ಬೆಳೆ ಕೊಯ್ದು, ತಿಂದು, ಮುಂದಿನ ದಡಕ್ಕೆ ಹೋಗುತ್ತಿದ್ದರು. ಒಂದು ವರ್ಷ ತಿಂದು ಮುಗಿಯದಷ್ಟು ಬೆಳೆಯಿತು. ಕಾಳನ್ನು ಹೊತ್ತು ಹೋಗಲಾಗದು, ಬಿಟ್ಟು ಹೋಗಲು ಮನಸ್ಸಾಗದು. ಕಣಜ ಕಟ್ಟಿ ಅಲ್ಲೇ ಉಳಿದರು. ಕಣಜ ಕಾಯಲು ಒಬ್ಬ, ಅವನ ಮೇಲೆ ಕಣ್ಣಿಡಲು ಇನ್ನೊಬ್ಬ, ಇಬ್ಬರಿಗೂ ಅಪ್ಪಣೆ ಕೊಡಲು ಮತ್ತೊಬ್ಬ. ಅಪ್ಪಣೆ ಕೊಡುವವನು ನೇಗಿಲು ಹಿಡಿಯುವುದನ್ನು ಬಹಳ ಬೇಗ ಮರೆತ. ಊರು ಹುಟ್ಟಿದ್ದು ಹೀಗೆ.

ಹೊಳೆ ತಲೆಮಾರಿಗೊಮ್ಮೆ ನುಗ್ಗುತ್ತಿತ್ತು. ಮನೆಗಳು ಹೂಳಿನಲ್ಲಿ ಹೂತುಹೋಗುತ್ತಿದ್ದವು. ಉಳಿದವರು ಅವೇ ಗೋಡೆಗಳ ಮೇಲೆ ಹೊಸ ಮನೆ ಕಟ್ಟಿ, ಬಾವಿಗೆ ಒಂದು ಸುತ್ತು ಇಟ್ಟಿಗೆ ಏರಿಸುತ್ತಿದ್ದರು. ಸುತ್ತಿನ ಮೊದಲ ಇಟ್ಟಿಗೆಯನ್ನು ಸುಡುವ ಮುಂಚೆ ಮೇಸ್ತ್ರಿ ಅದರ ಹಸಿಮಣ್ಣಿನ ಮೇಲೆ ಅಂಗೈ ಒತ್ತಬೇಕು. ಒತ್ತಿದವನು ಮತ್ತೆ ಊರು ಬಿಡುವಂತಿಲ್ಲ. ಅದು ಅಲ್ಲಿಯ ಕಟ್ಟಳೆ.

ಹದಿನಾಲ್ಕನೆಯ ಸುತ್ತಿನ ಸರದಿ ಒಬ್ಬ ಮೇಸ್ತ್ರಿಗೆ ಬಂತು. ಅವನಿಗೊಂದು ಎಳೆಗೂಸಿತ್ತು. ಹೆಂಡತಿಗೆ ಭಯ.

“ಕೈ ಒತ್ತಬೇಡಿ. ಮಗುವನ್ನು ಎತ್ತಿಕೊಂಡು ಗುಡ್ಡದ ಕಡೆ ಹೋಗೋಣ. ಅಪ್ಪ ನೆಟ್ಟ ಆಲದಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬೇಕೇ?” ಎಂದಳು.

“ಬಾವಿಯ ತಳ ನೋಡಿ ಬರುತ್ತೇನೆ. ಅದು ಗಟ್ಟಿಯಾಗಿದ್ದರೆ ಇರೋಣ,” ಎಂದ ಅವನು.

ಬೇಸಿಗೆಯಲ್ಲಿ ಬಾವಿ ಬತ್ತಿತ್ತು. ಹಗ್ಗ ಹಿಡಿದು ಇಳಿದ. ಮೊದಲು ತಂದೆಯ ಅಂಗೈ ಗುರುತು ಸಿಕ್ಕಿತು. ಅದರ ಮೇಲೆ ತನ್ನ ಕೈಯಿಟ್ಟ. ತಂದೆಯ ಕೈ ದೊಡ್ಡದಿತ್ತೆಂದು ಅವನಿಗೆ ನೆನಪಿತ್ತು. ಆದರೂ ಅವನ ಕೈ ಸರಿಯಾಗಿ ಕೂತಿತು. ಅಜ್ಜನ ಗುರುತಿನಲ್ಲೂ ಕೂತಿತು. ಇಳಿದಷ್ಟೂ ಕೂತಿತು. ಇಟ್ಟಿಗೆಗಳ ಹಾಗೆ ಕೈಗಳೂ ಒಂದೇ ಅಳತೆ.

ತಳದ ಇಟ್ಟಿಗೆ, ಅಷ್ಟು ಹಿಂದೆ ಸುಟ್ಟದ್ದು, ಇನ್ನೂ ಹಸಿಯಾಗಿತ್ತು. ಅದರ ಮೇಲೆ ಕೈಯಿಟ್ಟಾಗ ಗೋಡೆಯ ಆಚೆಯಿಂದ ಇನ್ನೊಂದು ಅಂಗೈ ಅವನ ಅಂಗೈಯನ್ನು ಒತ್ತಿತು.

“ಇನ್ನೊಂದೇ ಸುತ್ತು ಸಾಕು ಅಂದುಕೊಂಡಿದ್ದೆವು,” ಎಂದಿತು ಒಂದು ದನಿ. “ಮೇಲೆ ಈಗ ಎಷ್ಟಾಯಿತು?”

ಮೇಸ್ತ್ರಿ ಮೇಲೆ ಬಂದವನೇ ಹೆಂಡತಿಗೆ ಗಂಟುಮೂಟೆ ಕಟ್ಟಲು ಹೇಳಿದ. ಆದರೆ ಬಾವಿಯ ಬಳಿ ಊರೇ ನೆರೆದಿತ್ತು. ಊರ ಒಡೆಯ ಹಸಿ ಇಟ್ಟಿಗೆಯನ್ನು ಮುಂದೆ ಚಾಚಿ ಕೇಳಿದ: “ಹದಿಮೂರು ಜನ ಒತ್ತಿದ್ದಾರೆ. ನಿನ್ನದೇನು ಬೇರೆ ಕೈಯೇ?”

ಅವನಿಗೆ ನಾಚಿಕೆಯಾಯಿತು. ಇದೊಂದು ಸುತ್ತು ಮುಗಿಸಿ ಬರುತ್ತೇನೆ ಎಂದು ಹೆಂಡತಿಯನ್ನು ಮುಂದೆ ಕಳಿಸಿ ಅಂಗೈ ಒತ್ತಿದ.

ಆ ವರ್ಷವೇ ಹೊಳೆ ಬಂತು. ನೀರು ಇಳಿದ ಮೇಲೆ ಹೆಂಡತಿ ಮಗುವನ್ನೆತ್ತಿಕೊಂಡು ಗುಡ್ಡದಿಂದ ಇಳಿದು ಬಂದಳು. ಮನೆಗಳಿರಲಿಲ್ಲ. ನುಣ್ಣನೆಯ ಹೊಸ ಮಣ್ಣಿತ್ತು, ಅದಕ್ಕೆ ಸಮವಾಗಿ ಬಾವಿಯ ಬಾಯಿ. ಗಂಡನ ಹೆಸರು ಹಿಡಿದು ಕೂಗಿದಳು. ಬಾವಿಯೊಳಗಿನಿಂದ ಹಸಿಮಣ್ಣು ತಟ್ಟುವ ಸದ್ದು ಬಂತು. ಒಬ್ಬರದಲ್ಲ, ಬಹಳ ಜನರದು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಬೆವರು ಒರೆಸಿಕೊಂಡು ನಗಲು ನೋಡಿದ.

“ಅವರ ಗತಿ ಹಾಗಾಯಿತು, ಪಾಪ. ನಮ್ಮದು ಅಷ್ಟು ದೂರ ಹೋಗುವುದಿಲ್ಲ ಬುದ್ಧಿ. ನಮಗೆ ಇನ್ನೊಂದೇ ಸುತ್ತು ಸಾಕು.”

ಗುರುಗಳು ಇಟ್ಟಿಗೆಯನ್ನು ಅವನ ಕಡೆಗೆ ಸರಿಸಿದರು.

“ಹಾಗಾದರೆ ಕೈಯಿಟ್ಟು ಅಳತೆ ನೋಡು, ಮರುಳಯ್ಯ.”