ಬೆಳ್ಳಕ್ಕಿಯ ಉತ್ತರ

ಎಳೆಯ ಮಿಂಚುಳ್ಳಿಯೊಂದು ಬೆಳ್ಳಕ್ಕಿ ನಿಂತಲ್ಲೇ ಮೀನು ಹಿಡಿಯುವುದನ್ನು ನೋಡಿ, ತಾನೂ ಕೆರೆಯಂಚಿನ ನೀರಿನಲ್ಲಿ ಅಲುಗಾಡದೆ ನಿಂತಿತು. ಮೂರು ದಿನ ಕಳೆದರೂ ಒಂದು ಮೀನೂ ಸಿಗಲಿಲ್ಲ. ಹಸಿವಿನಿಂದ ಕಂಗೆಟ್ಟು, ಎಷ್ಟೋ ಹಕ್ಕಿಗಳಿಗೆ ಬೇಟೆ ಕಲಿಸಿದ್ದ ಮುದಿ ನೀರುಕಾಗೆಯ ಬಳಿಗೆ ಹೋಯಿತು.

"ಗುರುಗಳೇ, ನನಗೆ ಮೀನು ಹಿಡಿಯುವುದನ್ನು ಕಲಿಸಿ."

"ಕಲಿಸೋಣ. ಮೊದಲು ಹೇಳು, ಗಂಟೆಗಟ್ಟಲೆ ಸುಮ್ಮನೆ ನಿಲ್ಲುವುದು ನಿನಗೆ ಇಷ್ಟವೇ?"

"ಬಹಳ ಇಷ್ಟ" ಎಂದಿತು ಮಿಂಚುಳ್ಳಿ, ಒಳ್ಳೆಯ ಶಿಷ್ಯನೆನಿಸಿಕೊಳ್ಳುವ ಆಸೆಯಿಂದ.

"ಅದು ಬೆಳ್ಳಕ್ಕಿಯ ಉತ್ತರ. ನಾನು ಕೇಳಿದ್ದು ನಿನ್ನನ್ನು. ಇದರಲ್ಲಿ ಸರಿ, ತಪ್ಪು ಎಂಬುದಿಲ್ಲ."

ಮಿಂಚುಳ್ಳಿಗೆ ನಾಚಿಕೆಯಾಯಿತು. "ನಿಂತರೆ ಮೈಯೆಲ್ಲ ಚಡಪಡಿಸುತ್ತದೆ. ಎತ್ತರದಲ್ಲಿ ಕೂತರೆ ಹಾಯೆನ್ನಿಸುತ್ತದೆ."

"ಏನಾದರೂ ಹೊಳೆದದ್ದು ಕಂಡರೆ?"

"ಯೋಚಿಸುವ ಮೊದಲೇ ಹಾರಿಬಿಟ್ಟಿರುತ್ತೇನೆ. ಇಂಥ ಅವಸರದವನು ಬದುಕುವುದು ಹೇಗೆ?"

"ಈಗ ನೀನೇ ಹೇಳಿದೆಯಲ್ಲ" ಎಂದು ನಕ್ಕ ನೀರುಕಾಗೆ, ನೀರಿನ ಮೇಲೆ ಬಾಗಿದ್ದ ಕೊಂಬೆಯನ್ನು ತೋರಿಸಿತು.

ಮಿಂಚುಳ್ಳಿ ಅಲ್ಲಿ ಹೋಗಿ ಕೂತಿತು. ಕೆಳಗೆ ಏನೋ ಹೊಳೆದದ್ದೇ ತಡ, ಧುಮುಕಿತು. ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಕೊಕ್ಕಿನಲ್ಲಿ ಮೀನು ಮಿಸುಕಾಡುತ್ತಿತ್ತು.

ಹೊಟ್ಟೆ ತುಂಬಿದ ಸಂಭ್ರಮದಲ್ಲಿ ಅದು, ಆಗಷ್ಟೇ ಪಾಠಕ್ಕೆ ಬಂದ ಬಾತುಕೋಳಿಯನ್ನು ಕೂಗಿ ಕರೆಯಿತು. "ಬಾರಯ್ಯ, ಈ ಕೊಂಬೆಯಿಂದ ಧುಮುಕು. ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ."

"ತಾಳು" ಎಂದಿತು ನೀರುಕಾಗೆ. "ಮೊದಲು ಅವನನ್ನು ಕೇಳೋಣ."